ಮಿನ್ನೆಸೋಟದಲ್ಲಿ ದನದ ದೊಡ್ಡಿಗೆ ಪರ್ಮಿಟ್: ನೀರಿನ ದಾರಿ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಮಿನ್ನೆಸೋಟದಲ್ಲಿ ಹಿಮ ಕರಗುವುದು ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ. ಆಗ ಒಂದು ದನದ ದೊಡ್ಡಿಯ ಬೇಲಿ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಚಳಿಗಾಲವಿಡೀ ಕಲ್ಲಾಗಿದ್ದ ಸಗಣಿ, ಗಂಜಲ, ತುಳಿದ ಹುಲ್ಲು ಎಲ್ಲ ಒಟ್ಟಿಗೆ ಸಡಿಲಾಗುತ್ತದೆ. ಡಿಕಾಕ್ಷನ್ ಬಣ್ಣದ ನೀರು ಒಂದೊಂದೇ ಗೊರಸಿನ ಗುಳಿ ತುಂಬಿಕೊಂಡು ಬೇಲಿಯಡಿ ನುಸುಳುತ್ತದೆ. ಮೇಲೆ ತೆಳ್ಳಗೆ ನೊರೆ. ಅದು ಮುಂದೆ ಎಲ್ಲಿಗೆ ಹೋಗುತ್ತದೆ? ಪರ್ಮಿಟ್ ಕಚೇರಿಯವರು ಕೇಳುವ ನೂರು ಪ್ರಶ್ನೆಗಳ ಹಿಂದೆ ಇರುವುದು ಈ ಒಂದು ಪ್ರಶ್ನೆ.

ಅಮೆರಿಕದ ಡೈರಿ, ಫೀಡ್‌ಲಾಟ್‌ಗಳಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ, ಅಲ್ಲಿ ಕೃಷಿ ಎಂಜಿನಿಯರಿಂಗ್ ಓದುತ್ತಿರುವವರಿಗೆ, ದನ ಮತ್ತು ನೀರು ಎರಡನ್ನೂ ಕಾಪಾಡುವ ಕಾನೂನು ಹೇಗೆ ನಡೆಯುತ್ತದೆ ಅಂತ ತಿಳಿಯಬೇಕೆನ್ನುವವರಿಗೆ ಈ ಬರಹ. ಮಿನ್ನೆಸೋಟವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಅಲ್ಲಿ ಸಾವಿರಾರು ಕೆರೆಗಳಿವೆ. ಮಿಸಿಸಿಪ್ಪಿ ನದಿ ಹುಟ್ಟುವುದೇ ಅಲ್ಲಿ. ಆಗ್ನೇಯ ಮೂಲೆಯಲ್ಲಿ ಸುಣ್ಣಕಲ್ಲಿನ ನೆಲವಿದೆ, ಮೇಲೆ ಬಿದ್ದ ನೀರು ಅಲ್ಲಿ ಬಿರುಕಿನಲ್ಲಿ ಇಳಿದು ಬೇಗನೆ ಬಾವಿಗೆ ಸೇರುತ್ತದೆ. ಹಾಗಾಗಿ ಆ ರಾಜ್ಯದ ಫೀಡ್‌ಲಾಟ್ ನಿಯಮಗಳು, ಅಂದರೆ ರಾಜ್ಯ ನಿಯಮಾವಳಿಯ 7020ನೇ ಅಧ್ಯಾಯ, ತುಂಬಾ ವಿವರವಾಗಿವೆ. ನಡೆಸುವ ಇಲಾಖೆ ಮಿನ್ನೆಸೋಟ ಮಾಲಿನ್ಯ ನಿಯಂತ್ರಣ ಸಂಸ್ಥೆ, ಚಿಕ್ಕದಾಗಿ ಎಂಪಿಸಿಎ.

ಮೊದಲು: ನಿಮ್ಮದು ಫೀಡ್‌ಲಾಟ್ ಹೌದಾ?

ದನ ಮೇಯುವ ಹುಲ್ಲುಗಾವಲು ಫೀಡ್‌ಲಾಟ್ ಅಲ್ಲ. ದನಗಳನ್ನು ಒಂದು ಕಡೆ ಕೂಡಿಹಾಕಿ, ಅಲ್ಲೇ ಮೇವು ಹಾಕಿ, ಸಗಣಿ ಸೇರುತ್ತಾ ಹೋಗಿ, ನೆಲದ ಮೇಲೆ ಹುಲ್ಲು ಉಳಿಯದ ಸ್ಥಿತಿ ಇದ್ದರೆ ಅದು ಫೀಡ್‌ಲಾಟ್. ಬಯಲು ದೊಡ್ಡಿ ಆಗಬಹುದು, ಮಾಡು ಹೊದಿಸಿದ ಕೊಟ್ಟಿಗೆ ಆಗಬಹುದು, ಡೈರಿ ಆಗಬಹುದು. ಸುಲಭ ಪರೀಕ್ಷೆ ಇದು: ಕಾಲಕೆಳಗೆ ಹಸಿರಿದೆಯೋ, ಕೆಸರಿದೆಯೋ.

ಎಣಿಕೆ: ಎರಡು ಬೇರೆ ಲೆಕ್ಕ

ಇಲ್ಲಿ ಜಾಸ್ತಿ ಜನ ಎಡವುತ್ತಾರೆ, ಯಾಕೆಂದರೆ ರಾಜ್ಯದ ಲೆಕ್ಕ ಒಂದು, ಕೇಂದ್ರದ, ಅಂದರೆ ಅಮೆರಿಕ ಸರ್ಕಾರದ, ಲೆಕ್ಕ ಇನ್ನೊಂದು.

ರಾಜ್ಯ ಎಣಿಸುವುದು ಪ್ರಾಣಿ ಯೂನಿಟ್‌ನಲ್ಲಿ. ಮಾಂಸಕ್ಕೆ ಸಾಕುವ ದೊಡ್ಡ ಹೋರಿ 1 ಯೂನಿಟ್. 1,000 ಪೌಂಡ್‌ಗಿಂತ ಹೆಚ್ಚು ತೂಗುವ ಹಾಲು ಹಸು 1.4. ಕಡಸು ಅಥವಾ ಬೆಳೆಯುತ್ತಿರುವ ಮರಿಹೋರಿ 0.7. ಕರು 0.2. ನಿಮ್ಮ ಹತ್ತಿರ 600 ಹೋರಿ, 250 ಕಡಸು, 60 ಕರು ಇವೆ ಅಂತ ಇಟ್ಟುಕೊಳ್ಳಿ. 600 ಕೂಡಿಸು 175 ಕೂಡಿಸು 12, ಒಟ್ಟು 787 ಯೂನಿಟ್.

ಕೇಂದ್ರ ಎಣಿಸುವುದು ತಲೆಯನ್ನು. ಹಾಲು ಕೊಡುವ ಹಸು ಬಿಟ್ಟು ಉಳಿದ ದನ 1,000 ತಲೆ ಮುಟ್ಟಿದರೆ ಅದು ದೊಡ್ಡ ಕ್ಯಾಫೊ (ದನಗಳನ್ನು ಒತ್ತಾಗಿ ಕೂಡಿಹಾಕಿ ಸಾಕುವ ಜಾಗಕ್ಕೆ ಕೇಂದ್ರ ಇಟ್ಟ ಹೆಸರು ಕ್ಯಾಫೊ). ಹಾಲು ಹಸುವಾದರೆ 700. ಹಾಲು ಹಸು ಬಿಟ್ಟು ಬೇರೆ ದನ 300ರಿಂದ 999 ಇದ್ದು, ಕೊಳೆನೀರು ಕಾಲುವೆ, ಪೈಪಿನ ಮೂಲಕವೋ ನೇರವಾಗಿಯೋ ಹೊಳೆ ಸೇರುವಂತಿದ್ದರೆ ಮಧ್ಯಮ ಕ್ಯಾಫೊ. ವರ್ಷದಲ್ಲಿ ಒಟ್ಟು 45 ದಿನ ಕೂಡಿಹಾಕಿದ್ದರೂ ಸಾಕು, ಎಣಿಕೆಗೆ ಬರುತ್ತದೆ. ಬಿಡಿಬಿಡಿಯಾಗಿ ಆದ ದಿನಗಳೂ ಸೇರುತ್ತವೆ.

ಈಗ 1,050 ಕಡಸು ಇರುವ ದೊಡ್ಡಿ ತೆಗೆದುಕೊಳ್ಳಿ. ರಾಜ್ಯದ ಲೆಕ್ಕದಲ್ಲಿ 735 ಯೂನಿಟ್, ಸಾವಿರಕ್ಕಿಂತ ಎಷ್ಟೋ ಕಡಿಮೆ. ಕೇಂದ್ರದ ಲೆಕ್ಕದಲ್ಲಿ ದೊಡ್ಡ ಕ್ಯಾಫೊ. ಒಂದೇ ದೊಡ್ಡಿ, ಎರಡು ಉತ್ತರ. ಅದಕ್ಕೇ ಎರಡೂ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದಿಟ್ಟುಕೊಳ್ಳಿ. ಇವತ್ತು ಇರುವ ದನ ಅಷ್ಟೇ ಅಲ್ಲ, ದೊಡ್ಡಿಯಲ್ಲಿ ಎಷ್ಟು ಹಿಡಿಸುತ್ತದೆ ಅನ್ನುವುದೂ ಮುಖ್ಯ.

50 ಯೂನಿಟ್ ಅಥವಾ ಮೇಲ್ಪಟ್ಟು ಇದ್ದರೆ ನೋಂದಣಿ ಕಡ್ಡಾಯ. ದಡದ ವಲಯದಲ್ಲಿದ್ದರೆ 10 ಯೂನಿಟ್‌ಗೇ ನೋಂದಣಿ. ದಡದ ವಲಯ ಅಂದರೆ ಕೆರೆಯಿಂದ 1,000 ಅಡಿ, ಹೊಳೆಯಿಂದ 300 ಅಡಿ ಒಳಗಿನ ಜಾಗ.

ನೀರಿನ ನಕ್ಷೆ: ಕೊಡೆ ಹಿಡಿದು ಹೊರಡಿ

ಅರ್ಜಿ ಫಾರಂ ಮುಟ್ಟುವ ಮೊದಲು ಮಾಡಬೇಕಾದ ಕೆಲಸ ಇದು. ಜೋರು ಮಳೆ ಬರುವಾಗ ರಬ್ಬರ್ ಬೂಟು ಹಾಕಿಕೊಂಡು ದೊಡ್ಡಿಗೆ ಹೋಗಿ. ಜಾಗದ ಒಂದು ನಕ್ಷೆ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ.

ಮೊದಲು ಶುದ್ಧ ನೀರು ನೋಡಿ. ಚಾವಣಿಯಿಂದ ಬೀಳುವ ನೀರು ಎಲ್ಲಿಗೆ ಹೋಗುತ್ತಿದೆ? ಮೇಲಿನ ಹೊಲದ ನೀರು ದೊಡ್ಡಿಯೊಳಗೆ ನುಗ್ಗುತ್ತಿದೆಯಾ? 100 ಅಡಿ ಅಗಲ, 300 ಅಡಿ ಉದ್ದದ ಕೊಟ್ಟಿಗೆಯ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 70,000 ಲೀಟರ್ ನೀರು. ಅದು ಸುಮ್ನೆ ದೊಡ್ಡಿಗೆ ಬಿದ್ದರೆ ಅಷ್ಟೂ ನೀರು ಕೊಳೆನೀರಾಗುತ್ತದೆ, ಅಷ್ಟನ್ನೂ ನೀವು ಹಿಡಿದಿಡಬೇಕಾಗುತ್ತದೆ. ಒಂದು ದೋಣಿ ಪೈಪು ಹಾಕಿ ಹೊರಗೆ ತಿರುಗಿಸಿದರೆ ಕೊಳೆನೀರು ಹಿಡಿದಿಡುವ ಹೊಂಡವೇ ಚಿಕ್ಕದಾಗುತ್ತದೆ. ಇಡೀ ಯೋಜನೆಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮೇಲ್ಗಡೆ ಒಂದು ಬದು, ಚಾವಣಿಗೆ ಒಂದು ದೋಣಿ. ಇಲ್ಲಿಂದಲೇ ಶುರು ಮಾಡಿ.

ಆಮೇಲೆ ಕೊಳೆನೀರಿನ ಹಿಂದೆ ನಡೆಯಿರಿ. ಬೇಲಿ ದಾಟಿದ ಮೇಲೆ ಅದು ಹುಲ್ಲಿನಲ್ಲಿ ಹರಡಿ ಇಂಗುತ್ತದಾ, ಅಥವಾ ಒಂದು ಸಣ್ಣ ತೋಡು ಹಿಡಿದು ಓಡುತ್ತದಾ? ಹೊಲದ ನಡುವೆ ಕಿತ್ತಳೆ ಬಣ್ಣದ, ತೂತು ತೂತಿನ ಪೈಪು ನೆಟ್ಟಗೆ ನಿಂತಿರುವುದು ಕಾಣಬಹುದು. ಅದು ನೆಲದಡಿಯ ಬಸಿ ಪೈಪಿನ ಬಾಯಿ. ಅದರೊಳಗೆ ಹೋದ ನೀರು ಮಣ್ಣಿನಲ್ಲಿ ಸೋಸಿಕೊಳ್ಳುವುದೇ ಇಲ್ಲ, ನೇರ ಕಾಲುವೆಗೆ ಬೀಳುತ್ತದೆ. ದೊಡ್ಡಿಯಿಂದ ಹೊಳೆ ಅರ್ಧ ಮೈಲಿ ದೂರ ಇದೆ ಅಂತ ನೆಮ್ಮದಿಯಿಂದ ಇರುತ್ತೇವೆ. ಆ ಪೈಪಿನ ಬಾಯಿ ಐವತ್ತು ಅಡಿ ದೂರದಲ್ಲಿದ್ದರೆ ಹೊಳೆಯೂ ಐವತ್ತು ಅಡಿ ದೂರದಲ್ಲೇ ಇದೆ.

ಆಗ್ನೇಯ ಭಾಗದಲ್ಲಿದ್ದರೆ ಕುಸಿಗುಂಡಿ, ಅಂದರೆ ಅಡಿಯ ಸುಣ್ಣಕಲ್ಲು ಕರಗಿ ನೆಲ ಕುಸಿದ ಗುಂಡಿ, ಹುಡುಕಿ. ಮೆಕ್ಕೆಜೋಳದ ಹೊಲದ ಮಧ್ಯೆ ಉಳದೆ ಬಿಟ್ಟ ನಾಲ್ಕು ಮರ, ಒಳಗೊಂದು ತಗ್ಗು, ಅದರಲ್ಲಿ ಹಿಂದಿನವರು ಎಸೆದ ಕಲ್ಲು, ಹಳೆ ತಂತಿ. ದೂರದಿಂದ ನೋಡಿದರೆ ನೆರಳಿಗೆ ಬಿಟ್ಟ ತೋಪಿನ ಹಾಗೆ ಕಾಣುತ್ತದೆ. ಅಲ್ಲಿ ಇಳಿದ ನೀರು ಪಕ್ಕದ ಮನೆಯ ಬಾವಿಯಲ್ಲಿ ಏಳಬಹುದು.

ಜಾಗ: ಅಡಿ ಲೆಕ್ಕದ ನಿಯಮಗಳು

ಹೊಸ ದೊಡ್ಡಿಯನ್ನಾಗಲೀ ಗೊಬ್ಬರದ ಹೊಂಡವನ್ನಾಗಲೀ ದಡದ ವಲಯದಲ್ಲಿ ಕಟ್ಟುವಂತಿಲ್ಲ. ನೆರೆ ಬರುವ ಬಯಲಿನಲ್ಲಿ ಕಟ್ಟುವಂತಿಲ್ಲ. ಕುಸಿಗುಂಡಿಯಿಂದ 300 ಅಡಿ, ಮನೆ ಬಾವಿಯಿಂದ 100 ಅಡಿ, ಊರಿಗೆ ನೀರು ಕೊಡುವ ಬಾವಿ ಮತ್ತು ಶಾಲೆಯ ಬಾವಿಯಿಂದ 1,000 ಅಡಿ ದೂರ ಇರಬೇಕು. ಇದರ ಮೇಲೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಸ್ವಂತ ವಲಯ ನಿಯಮಗಳಿರುತ್ತವೆ. ಅವು ಇನ್ನೂ ಬಿಗಿಯಾಗಿರಬಹುದು. ಹಾಗಾಗಿ ಜಾಗ ಕೊಳ್ಳುವ ಮೊದಲೇ ಕೌಂಟಿ ಕಚೇರಿಗೆ ಹೋಗಿ ಮಾತಾಡಿ. ಮುಂಗಡ ಕೊಟ್ಟ ಮೇಲೆ ಹೋದರೆ ಪ್ರಯೋಜನವಿಲ್ಲ.

ಬಾವಿಯ ಬಗ್ಗೆ ಇಷ್ಟು ಕಾಳಜಿ ಯಾಕೆ? ಸಗಣಿ, ಗಂಜಲದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರಿನ ಜೊತೆ ಇಳಿದುಬಿಡುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಆ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುತ್ತದೆ, ಜೀವಕ್ಕೇ ಅಪಾಯ. ಅಮೆರಿಕದಲ್ಲಿ ಕುಡಿಯುವ ನೀರಿನ ಮಿತಿ ಲೀಟರಿಗೆ 10 ಮಿಲಿಗ್ರಾಂ. ನಮ್ಮಲ್ಲಿ ಬಿಐಎಸ್ ಮಿತಿ 45 ಮಿಲಿಗ್ರಾಂ. ಅವರದು ಬಿಗಿ, ನಮ್ಮದು ಸಡಿಲ ಅಂತ ಅಂದುಕೊಳ್ಳಬೇಡಿ. ಅವರು ನೈಟ್ರೇಟ್‌ನಲ್ಲಿರುವ ಸಾರಜನಕವನ್ನಷ್ಟೇ ತೂಗುತ್ತಾರೆ, ನಾವು ಇಡೀ ನೈಟ್ರೇಟ್ ತೂಗುತ್ತೇವೆ. ಎರಡೂ ಹೆಚ್ಚುಕಡಿಮೆ ಒಂದೇ ಮಿತಿ. ಭಾರತದ ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಈ ಮಿತಿ ಮೀರಿದ ಬಾವಿಗಳು ಹೆಚ್ಚಿರುವ ರಾಜ್ಯಗಳ ಮೊದಲ ಸಾಲಿನಲ್ಲೇ ಕರ್ನಾಟಕ ಇದೆ. ತಿಪ್ಪೆ ಪಕ್ಕ ಬೋರ್‌ವೆಲ್ ಇರುವ ಊರು ನಮ್ಮಲ್ಲಿ ಎಷ್ಟಿಲ್ಲ, ಅಲ್ವಾ?

ಮಿನ್ನೆಸೋಟದ ಆಗ್ನೇಯದ ಎಂಟು ಕೌಂಟಿಗಳಲ್ಲಿ ಇದು ಎಷ್ಟು ಕೆಟ್ಟಿತ್ತೆಂದರೆ, 2023ರ ನವೆಂಬರ್‌ನಲ್ಲಿ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ, ಇಪಿಎ, ರಾಜ್ಯಕ್ಕೆ ಪತ್ರ ಬರೆದು ಬಾವಿಗಳ ಪರೀಕ್ಷೆ ಮಾಡಿ, ಮಿತಿ ಮೀರಿದ ಮನೆಗಳಿಗೆ ಬೇರೆ ನೀರು ಕೊಡಿ ಅಂತ ಹೇಳಿತು. ನಿಮ್ಮ ಜಾಗ ಫಿಲ್‌ಮೋರ್, ವಿನೋನಾ, ಓಲ್ಮ್‌ಸ್ಟೆಡ್ ಕಡೆ ಇದ್ದರೆ ಪರ್ಮಿಟ್ ಬಿಗಿಯಾಗಿರುತ್ತದೆ ಅಂತಲೇ ಲೆಕ್ಕ ಹಾಕಿ.

ಯಾವ ಪರ್ಮಿಟ್?

300 ಯೂನಿಟ್‌ಗಿಂತ ಕಡಿಮೆ ಇದ್ದು ಮಾಲಿನ್ಯದ ತೊಂದರೆ ಇಲ್ಲದಿದ್ದರೆ ಪರ್ಮಿಟ್ ಬೇಡ. ಕಟ್ಟುವ 30 ದಿನ ಮೊದಲು ತಿಳಿಸಿದರೆ ಸಾಕು. 300ರಿಂದ 999ರವರೆಗೆ, ಹೊಸದಾಗಿ ಕಟ್ಟುವುದಕ್ಕೆ ಅಥವಾ ವಿಸ್ತರಿಸುವುದಕ್ಕೆ, ನಿರ್ಮಾಣದ ಚಿಕ್ಕ ಪರ್ಮಿಟ್. ಈಗಾಗಲೇ ಕೊಳೆನೀರು ಹೊರಗೆ ಹೋಗುತ್ತಿದ್ದು ಅದನ್ನು ಸರಿಪಡಿಸಬೇಕಾಗಿದ್ದರೆ ಮಧ್ಯಂತರ ಪರ್ಮಿಟ್. ಈ ಎರಡಕ್ಕೂ 24 ತಿಂಗಳ ಅವಧಿ.

1,000 ಯೂನಿಟ್ ಮುಟ್ಟಿದರೆ ಎಸ್‌ಡಿಎಸ್ ಎಂಬ ರಾಜ್ಯದ ಪರ್ಮಿಟ್ ಅಥವಾ ಎನ್‌ಪಿಡಿಇಎಸ್ ಎಂಬ ಕೇಂದ್ರದ ಪರ್ಮಿಟ್ ಬೇಕೇ ಬೇಕು. ದೊಡ್ಡ ಕ್ಯಾಫೊದಿಂದ ಕೊಳೆನೀರು ಹೊಳೆ, ಕೆರೆ ಸೇರುತ್ತಿದ್ದರೆ ಎನ್‌ಪಿಡಿಇಎಸ್‌ಗೆ ಬೇರೆ ದಾರಿ ಇಲ್ಲ. 1972ರ ಶುದ್ಧ ನೀರಿನ ಕಾಯ್ದೆಯ ಕಣ್ಣಿನಲ್ಲಿ ಇಂಥ ದೊಡ್ಡಿಯೂ ಕಾರ್ಖಾನೆಯ ಪೈಪೂ ಒಂದೇ. ಎರಡೂ ಮಾಲಿನ್ಯದ 'ನಿರ್ದಿಷ್ಟ ಮೂಲ'.

ಮಿನ್ನೆಸೋಟದ 87 ಕೌಂಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ರಾಜ್ಯ ಈ ಕೆಲಸದ ಒಂದು ಭಾಗ ವಹಿಸಿಕೊಟ್ಟಿದೆ. ಅಲ್ಲಿ ಕೌಂಟಿ ಫೀಡ್‌ಲಾಟ್ ಅಧಿಕಾರಿ ಇರುತ್ತಾರೆ. ಸಣ್ಣ ಪರ್ಮಿಟ್‌ಗಳನ್ನು ಅವರೇ ಕೊಡುತ್ತಾರೆ. ಅವರನ್ನು ಇನ್‌ಸ್ಪೆಕ್ಟರ್ ಅಂತ ನೋಡಿ ಹೆದರಬೇಡಿ. ನಿಮ್ಮ ಸುತ್ತಲಿನ ಮಣ್ಣು, ಬಾವಿ, ಹಳೆ ತಕರಾರು ಎಲ್ಲ ಅವರಿಗೆ ಗೊತ್ತಿರುತ್ತದೆ. ಅರ್ಜಿ ಹಾಕುವ ಮೊದಲೇ ಒಂದು ಸಲ ದೊಡ್ಡಿಗೆ ಬಂದು ನೋಡಿ ಅಂತ ಕರೆಯಿರಿ.

ವಿನ್ಯಾಸ: ಹೊಂಡ ಎಷ್ಟು ದೊಡ್ಡದು?

ಕ್ಯಾಫೊ ಗಾತ್ರದ ದನದ ದೊಡ್ಡಿಗೆ ಮೂಲ ನಿಯಮ ಹೀಗಿದೆ: 25 ವರ್ಷಕ್ಕೊಮ್ಮೆ ಬರುವಂಥ 24 ಗಂಟೆಗಳ ಮಳೆ ಬಿದ್ದರೂ ಕೊಳೆನೀರು ಹೊರಗೆ ಹೋಗಬಾರದು. ಆ ಮಳೆ 5 ಇಂಚು ಅಂತ ಇಟ್ಟುಕೊಳ್ಳಿ, ದೊಡ್ಡಿ 5 ಎಕರೆ. ಒಂದು ಎಕರೆ ಮೇಲೆ ಒಂದು ಇಂಚು ಅಂದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ. ಬಿದ್ದದ್ದೆಲ್ಲ ಹರಿದರೆ 25 ಲಕ್ಷ ಲೀಟರ್ ದಾಟಿತು. ಬೆಂಗಳೂರಿನಲ್ಲಿ ಓಡಾಡುವ 6,000 ಲೀಟರ್ ನೀರಿನ ಟ್ಯಾಂಕರ್ ಲೆಕ್ಕದಲ್ಲಿ ನಾನೂರಕ್ಕೂ ಹೆಚ್ಚು ಟ್ಯಾಂಕರ್, ಒಂದೇ ದಿನದಲ್ಲಿ. ಇದರ ಜೊತೆಗೆ ಮಾಮೂಲಿ ಮಳೆ, ಕರಗಿದ ಹಿಮ, ತಳದಲ್ಲಿ ಕೂರುವ ಗಸಿ, ಮೇಲೆ ಬಿಡಬೇಕಾದ ಖಾಲಿ ಅಂಚು. ಎನ್‌ಪಿಡಿಇಎಸ್ ಬೇಕಾದ ಕಡೆ ನೀರು ಗೊಬ್ಬರಕ್ಕೆ ಒಂಬತ್ತು ತಿಂಗಳ ಸಂಗ್ರಹ ಇರಬೇಕು, ಯಾಕೆಂದರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹೊಲಕ್ಕೆ ಸುರಿದರೆ ಅದು ಇಂಗುವುದಿಲ್ಲ, ವಸಂತದಲ್ಲಿ ಹಿಮದ ಜೊತೆಗೇ ಹೊರಟುಬಿಡುತ್ತದೆ.

ಹೊಂಡದ ತಳದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಜೇಡಿಮಣ್ಣಿನ ತಳವಾದರೆ ದಿನಕ್ಕೆ 1/56 ಇಂಚಿಗಿಂತ ಹೆಚ್ಚು ಇಂಗಬಾರದು. ಅರ್ಧ ಮಿಲಿಮೀಟರಿಗಿಂತ ಕಡಿಮೆ. ಇದನ್ನು ಕಣ್ಣಳತೆಯಲ್ಲಿ ಮಾಡಲಾಗದು. ನೆಲ ಕೊರೆದು ಮಣ್ಣಿನ ಮಾದರಿ ತೆಗೆಯಬೇಕು, ಬಂಡೆ ಎಷ್ಟು ಆಳದಲ್ಲಿದೆ, ಅಂತರ್ಜಲ ಎಲ್ಲಿದೆ ನೋಡಬೇಕು, ಪರವಾನಗಿ ಇರುವ ಎಂಜಿನಿಯರ್ ಸಹಿ ಮಾಡಿದ ನಕ್ಷೆ ಬೇಕು. ಸುಣ್ಣಕಲ್ಲಿನ ನೆಲದಲ್ಲಿ ಮಣ್ಣಿನ ತಳ ಎಷ್ಟೋ ಕಡೆ ಒಪ್ಪಿಗೆಯೇ ಆಗುವುದಿಲ್ಲ. ಅಲ್ಲಿ ಕಾಂಕ್ರೀಟ್ ತೊಟ್ಟಿಗೇ ಬಜೆಟ್ ಹಾಕಿಕೊಳ್ಳಿ.

ಸಣ್ಣ ಬಯಲು ದೊಡ್ಡಿಗಳಿಗೆ ಇಷ್ಟು ದೊಡ್ಡ ಹೊಂಡ ಬೇಕಾಗದೇ ಇರಬಹುದು. ಮೊದಲು ನೀರಿನಲ್ಲಿರುವ ಗಟ್ಟಿ ಪದಾರ್ಥ ತಳಕ್ಕೆ ಕೂರಲು ಒಂದು ತೊಟ್ಟಿ, ಆಮೇಲೆ ದಟ್ಟ ಹುಲ್ಲಿನ ಪಟ್ಟಿ. ನೀರು ಹುಲ್ಲಿನ ಮೇಲೆ ಸಮನಾಗಿ, ತೆಳ್ಳಗೆ ಹರಡಬೇಕು. ಒಂದು ಕಡೆ ತೋಡು ಬಿದ್ದರೆ ಪಟ್ಟಿ ಇದ್ದೂ ಇಲ್ಲದ ಹಾಗೆ. ಎಷ್ಟು ಹುಲ್ಲು ಬೇಕು ಅಂತ ಲೆಕ್ಕ ಹಾಕಲು ಮಿನ್‌ಫಾರ್ಮ್ ಎಂಬ ಲೆಕ್ಕಾಚಾರದ ಮಾದರಿ ಇದೆ. ಹೊರಗೆ ಹೋಗುವ ನೀರಿನ ಬಿಒಡಿಗೆ (ಕೊಳೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ರಾಜ್ಯ ಇಟ್ಟಿರುವ ಗುರಿ ಲೀಟರಿಗೆ 25 ಮಿಲಿಗ್ರಾಂ. ಮನೆಗಳ ಒಳಚರಂಡಿ ನೀರಿನಲ್ಲಿ ಸಾಮಾನ್ಯವಾಗಿ 200ರಿಂದ 300 ಇರುತ್ತದೆ. ದೊಡ್ಡಿಯ ನೀರಿನಲ್ಲಿ ಸಾವಿರ ದಾಟುವುದು ಅಪರೂಪವಲ್ಲ. ಅಂಥ ನೀರು ಹೊಳೆಗೆ ಬಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತವೆ.

ದುಡ್ಡಿನ ಸಹಾಯಕ್ಕೆ ಮಣ್ಣು ಮತ್ತು ನೀರು ಸಂರಕ್ಷಣಾ ಜಿಲ್ಲೆಯ ಕಚೇರಿ ಹಾಗೂ ಕೇಂದ್ರ ಕೃಷಿ ಇಲಾಖೆಯ ಈಕ್ವಿಪ್ ಯೋಜನೆ ಕೇಳಿ ನೋಡಿ. ಒಪ್ಪಂದ ಆಗುವ ಮೊದಲೇ ಕೆಲಸ ಶುರು ಮಾಡಿದರೆ ಸಹಾಯಧನ ಕೈತಪ್ಪುತ್ತದೆ.

ಗೊಬ್ಬರದ ಯೋಜನೆ: ಅರ್ಜಿಯ ಜೀವ

ಹೊಂಡ ಕಟ್ಟಿದರೆ ಕೆಲಸ ಮುಗಿಯಿತು ಅಂದುಕೊಳ್ಳುವವರಿದ್ದಾರೆ. ಹೊಂಡದಲ್ಲಿರುವುದು ಒಂದು ದಿನ ಹೊಲಕ್ಕೆ ಹೋಗಲೇಬೇಕಲ್ಲ. ಕಾನೂನಿನಲ್ಲೂ ಇದಕ್ಕೆ ದೊಡ್ಡ ಮಹತ್ವ ಇದೆ. ಯೋಜನೆ ಪ್ರಕಾರ ಹಾಕಿದ ಗೊಬ್ಬರದ ಹೊಲದಿಂದ ಮಳೆಗೆ ನೀರು ಹರಿದರೆ ಅದು ಕೃಷಿಯ ಮಳೆನೀರು, ವಿನಾಯಿತಿ ಇದೆ. ಯೋಜನೆ ಇಲ್ಲದೆ ಸುರಿದ ಹೊಲದಿಂದ ಹರಿದರೆ ಅದು ದೊಡ್ಡಿಯ ಮಾಲಿನ್ಯ.

ಮೊದಲು ಗೊಬ್ಬರ ಪರೀಕ್ಷೆ, ಮಣ್ಣು ಪರೀಕ್ಷೆ. ಆಮೇಲೆ ಲೆಕ್ಕ. ಮೆಕ್ಕೆಜೋಳಕ್ಕೆ ಎಕರೆಗೆ 150 ಪೌಂಡ್ ಸಾರಜನಕ ಬೇಕು ಅಂತ ಇಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ ಒಂದು ಟನ್ ಗೊಬ್ಬರಕ್ಕೆ 14 ಪೌಂಡ್ ಸಾರಜನಕ ಬಂತು, ಮೊದಲ ವರ್ಷ ಬೆಳೆಗೆ ಸಿಗುವುದು ಅದರಲ್ಲಿ ಅರ್ಧ, 7 ಪೌಂಡ್. ಹಾಗಾದರೆ ಎಕರೆಗೆ ಸುಮಾರು 21 ಟನ್. ಸರಿಯಾಗಿದೆ ಅಂತ ಅನ್ನಿಸುತ್ತದೆ. ಈಗ ರಂಜಕ ನೋಡಿ. ಟನ್ನಿಗೆ 9 ಪೌಂಡ್ ಫಾಸ್ಫೇಟ್ ಇದ್ದರೆ 21 ಟನ್ನಿಗೆ 189 ಪೌಂಡ್. ಎಕರೆಗೆ 200 ಬುಶೆಲ್ ಕಾಳು ಕೊಡುವ ಬೆಳೆ ಒಯ್ಯುವುದು 70ರ ಆಸುಪಾಸು. ಉಳಿದದ್ದು ಮಣ್ಣಿನಲ್ಲೇ ಕೂರುತ್ತದೆ. ವರ್ಷ ವರ್ಷ ಹೀಗೇ ಹಾಕಿದರೆ ಮಣ್ಣಿನ ಜೊತೆ ರಂಜಕವೂ ಕೊಚ್ಚಿ ಕೆರೆಗೆ ಹೋಗಿ, ಬೇಸಿಗೆಯಲ್ಲಿ ಕೆರೆ ಹಸಿರು ಪಾಚಿ ಕಟ್ಟುತ್ತದೆ. ಅದಕ್ಕೇ ರಂಜಕ ತುಂಬಿದ ಹೊಲಕ್ಕೆ ಗೊಬ್ಬರ ಕಡಿಮೆ ಮಾಡಬೇಕು, ಅಂದರೆ ಜಾಸ್ತಿ ಎಕರೆ ಬೇಕು. ನಿಮ್ಮ ಜಮೀನು ಸಾಲದಿದ್ದರೆ ಅಕ್ಕಪಕ್ಕದ ರೈತರ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ.

ಹೊಲಕ್ಕೆ ಹಾಕುವಾಗಲೂ ಅಂತರ ಇದೆ. ಹೊಳೆ, ಕೆರೆ, ಕಾಲುವೆಯ ಅಂಚಿನಿಂದ 25 ಅಡಿಯೊಳಗೆ ಹಾಕಬಾರದು. ಅಲ್ಲಿಂದ 300 ಅಡಿಯವರೆಗೆ ಹಾಕಿದರೆ 24 ಗಂಟೆಯೊಳಗೆ ಮಣ್ಣಿನಲ್ಲಿ ಬೆರೆಸಬೇಕು. ಆ ಕಿತ್ತಳೆ ಪೈಪಿನ ಬಾಯಿಗೂ ಇದೇ 300 ಅಡಿಯ ಲೆಕ್ಕ. ಬಾವಿ, ಕುಸಿಗುಂಡಿಯಿಂದ 50 ಅಡಿ ಬಿಡಿ. ದೊಡ್ಡ ಕ್ಯಾಫೊಗಳಿಗೆ ಕೇಂದ್ರದ ಅಂತರ ಇನ್ನೂ ಜಾಸ್ತಿ: 100 ಅಡಿ, ಇಲ್ಲವೇ 35 ಅಡಿ ಹುಲ್ಲಿನ ಪಟ್ಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕುಯ್ಲು ಮುಗಿದ ಖಾಲಿ ಹೊಲಕ್ಕೆ ಹಾಕುವುದಾದರೆ ಸಾರಜನಕ ಹಿಡಿದಿಡಲು ಹೊದಿಕೆ ಬೆಳೆ ಬಿತ್ತಬೇಕು ಅಂತ ದೊಡ್ಡ ದೊಡ್ಡಿಗಳ ಪರ್ಮಿಟ್ ಹೇಳುತ್ತದೆ.

ಅರ್ಜಿ, ಅಕ್ಕಪಕ್ಕದವರು

ನಿರ್ಮಾಣ ಅಥವಾ ಮಧ್ಯಂತರ ಪರ್ಮಿಟ್‌ಗೆ ಕೆಲಸ ಶುರುವಾಗುವ 90 ದಿನ ಮೊದಲು, ದೊಡ್ಡ ಪರ್ಮಿಟ್‌ಗಳಿಗೆ 180 ದಿನ ಮೊದಲು ಅರ್ಜಿ ಕೊಡಿ. ಚಳಿಯಲ್ಲಿ ನೆಲ ಕಲ್ಲಾಗುವುದರಿಂದ ಕಟ್ಟಡದ ಕಾಲ ಚಿಕ್ಕದು. ಬೇಸಿಗೆಯಲ್ಲಿ ಕಟ್ಟಬೇಕೆಂದರೆ ಹಿಂದಿನ ಶರತ್ಕಾಲದಲ್ಲೇ ಕಾಗದ ಸಿದ್ಧವಾಗಿರಬೇಕು.

500 ಯೂನಿಟ್ ಅಥವಾ ಮೇಲ್ಪಟ್ಟ ಯೋಜನೆಯಾದರೆ 5,000 ಅಡಿ ಸುತ್ತಲಿನ ಎಲ್ಲ ಮನೆ, ಜಮೀನಿನವರಿಗೆ ನೋಟಿಸ್ ಕೊಡಬೇಕು. 1,000 ಯೂನಿಟ್ ಹೊಸದಾಗಿ ಸೇರಿಸಿದರೆ ಪರಿಸರ ಮೌಲ್ಯಮಾಪನದ ವರದಿ ಕಡ್ಡಾಯ. ದಡದ ವಲಯ, ಸುಣ್ಣಕಲ್ಲಿನ ನೆಲದಂಥ ನಾಜೂಕು ಜಾಗದಲ್ಲಿ 500ಕ್ಕೇ ಬೇಕು. ಅದರ ಮೇಲೆ ಸಾರ್ವಜನಿಕರು 30 ದಿನ ಅಭಿಪ್ರಾಯ ಬರೆಯಬಹುದು.

ನೋಟಿಸ್ ಅಂಚೆಯಲ್ಲಿ ಹೋಗುವ ಮೊದಲು ನೀವೇ ಮನೆ ಮನೆಗೆ ಹೋಗಿ ಬನ್ನಿ. ನಕ್ಷೆ ತೋರಿಸಿ. ಅವರ ಬಾವಿ ಎಷ್ಟು ಆಳ, ಯಾವಾಗ ಪರೀಕ್ಷೆ ಮಾಡಿಸಿದ್ದರು ಕೇಳಿ. ಕೆಲಸ ಶುರುವಾಗುವ ಮೊದಲೇ ನಿಮ್ಮ ಖರ್ಚಿನಲ್ಲಿ ಅವರ ಬಾವಿ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸಿ, ಚೀಟಿಯ ಒಂದು ಪ್ರತಿ ಅವರಿಗೂ ಕೊಡಿ. ಕಾನೂನು ಇದನ್ನು ಕೇಳುವುದಿಲ್ಲ. ಆದರೂ ಮಾಡಿ. ಆ ನೀರು ಕುಡಿಯುವವರು ಅವರು.

ಕಟ್ಟುವಾಗ, ಕಟ್ಟಿದ ಮೇಲೆ

ಹೊಂಡದ ಕೆಲಸ ಶುರುವಾಗುವ ಮೊದಲು ಇಲಾಖೆಗೆ ತಿಳಿಸಿ, ತಳ ಮುಚ್ಚಿಹೋಗುವ ಮೊದಲು ಅವರು ನೋಡಲಿ. ಮುಗಿದ ಮೇಲೆ ನಕ್ಷೆ ಪ್ರಕಾರವೇ ಕಟ್ಟಿದೆ ಅಂತ ಎಂಜಿನಿಯರ್ ವರದಿ ಕೊಡಬೇಕು.

ಆಮೇಲೆ ದಿನನಿತ್ಯದ ಕೆಲಸ. ಕುಡಿಯುವ ನೀರಿನ ಪೈಪು ಸೋರುತ್ತಿದೆಯಾ, ದಿನಾ ನೋಡಿ. ಬದು, ದೋಣಿ, ಹೊಂಡದ ಮಟ್ಟ, ವಾರಕ್ಕೊಮ್ಮೆ. ಹೊಂಡದಲ್ಲಿ ಗುರುತು ಹಾಕಿದ ಕಂಬ ಇರಲಿ, ಆ ದೊಡ್ಡ ಮಳೆಗೆ ಬೇಕಾದ ಜಾಗ ಇನ್ನೂ ಉಳಿದಿದೆಯಾ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ಸತ್ತ ದನವನ್ನು ಹೊಂಡಕ್ಕೆ ಹಾಕಲೇಬಾರದು. ಯಾವ ದಿನ, ಯಾವ ಹೊಲಕ್ಕೆ, ಎಷ್ಟು ಟನ್, ಹವಾಮಾನ ಹೇಗಿತ್ತು, ಎಲ್ಲ ಬರೆದಿಟ್ಟು ಐದು ವರ್ಷ ಕಾಪಾಡಿ. ಮಣ್ಣು ಮೆತ್ತಿದ ಕೈಯಲ್ಲಿ ಟ್ರ್ಯಾಕ್ಟರ್ ಸೀಟಿನ ಮೇಲೆ ಬರೆದ ನೋಟ್‌ಬುಕ್ ಆದರೂ ನಡೆಯುತ್ತದೆ, ಅದೇ ದಿನ ಬರೆದಿರಬೇಕು ಅಷ್ಟೆ. ಏನಾದರೂ ಒಡೆದು ಕೊಳೆನೀರು ಹೊರಗೆ ಹೋದರೆ ತಡ ಮಾಡದೆ ರಾಜ್ಯದ ತುರ್ತು ಅಧಿಕಾರಿಗೆ ಫೋನ್ ಮಾಡಿ. ಮುಚ್ಚಿಡಲು ಹೋದರೆ ಕೆಳಗಿನ ಊರಿನವರಿಗೆ ಎಚ್ಚರಿಕೆ ಸಿಗುವುದಿಲ್ಲ.

ಎನ್‌ಪಿಡಿಇಎಸ್ ಪರ್ಮಿಟ್ ಐದು ವರ್ಷಕ್ಕೆ. ಮುಗಿಯುವ 180 ದಿನ ಮೊದಲೇ ನವೀಕರಣಕ್ಕೆ ಹಾಕಿ.

ಒಂದು ದಿನ ದೊಡ್ಡಿ ಮುಚ್ಚುವುದಾದರೆ ಅದಕ್ಕೂ ನಿಯಮ ಇದೆ. ಒಂದು ವರ್ಷದೊಳಗೆ ಗೊಬ್ಬರವನ್ನೂ, ಗೊಬ್ಬರ ಹೀರಿದ ಮೇಲ್ಮಣ್ಣನ್ನೂ ತೆಗೆದು ಹೊಲಕ್ಕೆ ಹರಡಬೇಕು. ಆಮೇಲೆ ಆ ಜಾಗದಲ್ಲಿ ಕುದುರೆ ಮಸಾಲೆ (ಆಲ್ಫಾಲ್ಫಾ) ಸೊಪ್ಪೋ, ಬೇರೆ ಬಹುವಾರ್ಷಿಕ ಮೇವೋ ಬಿತ್ತಿ ಕನಿಷ್ಠ ಐದು ವರ್ಷ ಬೆಳೆಯಬೇಕು. ದನ ಹೋದ ಮೇಲೂ ಮಣ್ಣಿನ ಆಳದಲ್ಲಿ ಸಾರಜನಕ ಉಳಿದಿರುತ್ತದೆ. ಕುದುರೆ ಮಸಾಲೆಯ ಬೇರು ಹಲವು ಅಡಿ ಇಳಿದು, ಅದು ಬಾವಿಗೆ ಸೇರುವ ಮೊದಲೇ ಮೇಲಕ್ಕೆ ಎಳೆಯುತ್ತದೆ. ಪ್ರತಿ ಸಲ ಕೊಯ್ದ ಮೇವನ್ನು ಅಲ್ಲೇ ಬಿಡದೆ ಹೊರಗೆ ಸಾಗಿಸಿ.